ಸ್ಪೇನ್ ಬೇಡ, ಯುರೋಪ್ ಬೇಕು ಅಂತಾರಲ್ಲ, ಇದು ಹೇಗೆ?

ಹರಿಹರದ_ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಾವು ಬಾರ್ಸಿಲೋನಾಗೆ ಬಂದು ನಾಲ್ಕು ವರ್ಷ ಆಯ್ತು, ಗ್ರಾಸಿಯಾ ಅನ್ನೋ ಏರಿಯಾದಲ್ಲಿ ಬಾಡಿಗೆಗಿದೀವಿ. ಮನೆ ಓನರ್ ಅಜ್ಜಿಗೆ ಎಪ್ಪತ್ತೈದು ದಾಟಿದೆ, ಕೆಳಗಿನ ಮನೇಲಿ ಒಬ್ಬರೇ ಇರ್ತಾರೆ. ಅವ್ರ ಬಾಲ್ಕನಿಲಿ ಎರಡು ಬಾವುಟ. ಒಂದು ಎಸ್ತೆಲಾದಾ, ಹಳದಿ ಕೆಂಪು ಪಟ್ಟೆ ಮೇಲೆ ನೀಲಿ ತ್ರಿಕೋನ, ಅದ್ರೊಳಗೆ ಬಿಳಿ ನಕ್ಷತ್ರ, ಕ್ಯಾಟಲೋನಿಯಾ (ಬಾರ್ಸಿಲೋನಾ ಇರೋ ಸ್ಪೇನಿನ ಪ್ರಾಂತ್ಯ) ಬೇರೆ ದೇಶ ಆಗ್ಬೇಕು ಅನ್ನೋರ ಬಾವುಟ. ಅದ್ರ ಪಕ್ಕದಲ್ಲೇ ಯುರೋಪಿಯನ್ ಯೂನಿಯನ್‌ದು, ಹನ್ನೆರಡು ನಕ್ಷತ್ರದ್ದು. ಮೊದಮೊದಲು ನಂಗೆ ಇದು ಒಗಟಾಗೇ ಇತ್ತು, ಒಂದು ದೇಶ ಒಡೀಬೇಕು ಅನ್ನೋರಿಗೆ ಇನ್ನೂ ದೊಡ್ಡ ಒಕ್ಕೂಟ ಯಾಕೆ ಬೇಕು ಅಂತ.

ಕೇಳಿದ್ರೆ ಅಜ್ಜಿ ಹೇಳಿದ್ದಿಷ್ಟು. ಅವ್ರು ಶಾಲೆಗೆ ಹೋಗ್ತಿದ್ದಾಗ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಕಾಲ, ಕ್ಲಾಸಲ್ಲಿ ಇಲ್ಲಿನ ಕ್ಯಾಟಲನ್ ಭಾಷೆ ಮಾತಾಡಿದ್ರೆ ಕೈ ಮೇಲೆ ಏಟು ಬೀಳ್ತಿತ್ತಂತೆ. ಮನೇಲಿ ಅಮ್ಮನ ಜೊತೆ ಆಡೋ ಮಾತು ಹೊರಗೆ ಬಂದ್ರೆ ತಪ್ಪು. 1975ರಲ್ಲಿ ಫ್ರಾಂಕೋ ಸತ್ತು, 1986ರಲ್ಲಿ ಸ್ಪೇನ್ ಯುರೋಪಿನ ಒಕ್ಕೂಟ ಸೇರಿದಾಗ ಇನ್ನು ಮುಂದೆ ಮ್ಯಾಡ್ರಿಡ್ ಮೇಲೂ ಒಬ್ರು ಇದಾರೆ ಅಂತ ಇವ್ರಿಗೆಲ್ಲ ಧೈರ್ಯ ಬಂತಂತೆ. ಆ ಧೈರ್ಯದಲ್ಲೇ 2017 ಅಕ್ಟೋಬರ್ 1ಕ್ಕೆ ಬೆಳಗಿನ ಜಾವ ಐದು ಗಂಟೆಗೇ ಹೋಗಿ ಹತ್ರದ ಶಾಲೇಲಿ ಕೂತಿದ್ರಂತೆ, ಕ್ಯಾಟಲೋನಿಯಾ ಬೇರೆ ಆಗ್ಬೇಕಾ ಅನ್ನೋ ರೆಫರೆಂಡಂಗೆ. ಸ್ಪೇನಿನ ಸಂವಿಧಾನ ಕೋರ್ಟು ಅದನ್ನ ಮೊದಲೇ ತಡೆದಿತ್ತು. ಬೇಕಷ್ಟು ಕಡೆ ಪೊಲೀಸ್ರು ನುಗ್ಗಿ ಬ್ಯಾಲೆಟ್ ಬಾಕ್ಸ್ ಎತ್ಕೊಂಡು ಹೋದ್ರು, ಲಾಠಿ ಬೀಸಿದ್ರು, ಆ ವಿಡಿಯೋ ನೀವೂ ನೋಡಿರ್ತೀರಿ. ವೋಟ್ ಹಾಕಿದ್ದು ನೂರಕ್ಕೆ 43 ಜನ, ಅದ್ರಲ್ಲಿ 90 ಪರ್ಸೆಂಟ್ ಬೇರೆ ದೇಶ ಬೇಕು ಅಂದ್ರು. ಬೇಡ ಅನ್ನೋರು ಬಹಳ ಜನ ಮನೆಯಿಂದ ಹೊರಗೇ ಬಂದಿರಲಿಲ್ಲ, ಅದೂ ನಿಜ. ಮಾರನೇ ದಿನ ಯುರೋಪಿಯನ್ ಯೂನಿಯನ್ ಕೇಂದ್ರ ಇರೋ ಬ್ರಸೆಲ್ಸ್‌ನಿಂದ ಹೇಳಿಕೆ ಬಂತು, ಸ್ಪೇನಿನ ಸಂವಿಧಾನದ ಪ್ರಕಾರ ಈ ವೋಟು ಕಾನೂನುಬದ್ಧ ಅಲ್ಲ, ಇದು ಸ್ಪೇನಿನ ಒಳಗಿನ ವಿಷಯ ಅಂತ. ಲಾಠಿಗಿಂತ ಆ ಮಾತೇ ಜಾಸ್ತಿ ನೋಯಿಸ್ತು ಅಂತಾರೆ ಅಜ್ಜಿ. ಆದ್ರೂ ಆ ನೀಲಿ ಬಾವುಟ ಮಾತ್ರ ತೆಗೆದಿಲ್ಲ.

ನಮ್ಮ ಮನೆಯವ್ರು ಹೇಳೋದು ಬೇರೆ. ಫ್ರಾನ್ಸಿನ ರಾಷ್ಟ್ರೀಯವಾದಿ ಲೆ ಪೆನ್, ಹಂಗೇರಿ ಪ್ರಧಾನಿ ಆಗಿದ್ದ ಓರ್ಬಾನ್, ಕ್ಯಾಟಲನ್ ನಾಯಕ ಪುಜ್ಡೆಮೊನ್, ಯಾರಾದ್ರೇನು, ಎಲ್ರೂ ನಾವು ಬೇರೆ ನೀವು ಬೇರೆ ಅನ್ನೋರೇ, ಎಲ್ಲ ಸೇರ್ಕೊಂಡು ಯುರೋಪನ್ನ ಒಡೀತಿದಾರೆ ಅಂತ. ನಂಗೆ ಇದು ಒಪ್ಪಕ್ಕಾಗ್ತಿಲ್ಲ, ಆದ್ರೆ ಯಾಕೆ ಒಪ್ಪಲ್ಲ ಅಂತ ಸರಿಯಾಗಿ ಹೇಳೋಕೂ ಬರ್ತಿಲ್ಲ. ಯುರೋಪಿನ ಬೇರೆ ಬೇರೆ ಊರಲ್ಲಿರೋರು ಹೇಳಿ, ಇವೆಲ್ಲ ಒಂದೇನಾ? ಮತ್ತೆ ಯುರೋಪ್ ಯಾಕೆ ಈ ಅಜ್ಜಿಯಂಥವ್ರ ಕೈ ಹಿಡೀಲಿಲ್ಲ?


ಲ್ಯೂವೆನ್_ಕನ್ನಡತಿ:

ಅಕ್ಕ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸುಲಭ, ಅದನ್ನೇ ಮೊದಲು ಹೇಳ್ತೀನಿ. ಇಯುನಲ್ಲಿ (ಯುರೋಪಿಯನ್ ಯೂನಿಯನ್) ದೊಡ್ಡ ತೀರ್ಮಾನ ಆಗೋ ಮೇಜಿನ ಸುತ್ತ ಕೂರೋದು ದೇಶಗಳ ಪ್ರಧಾನಿಗಳು. ಅಲ್ಲಿ ಸ್ಪೇನಿಗೆ ಕುರ್ಚಿ ಇದೆ, ಕ್ಯಾಟಲೋನಿಯಾಗಿಲ್ಲ. ಆ ಮೇಜಿನಲ್ಲಿ ಕೂತವ್ರಲ್ಲಿ ಎಷ್ಟು ಜನಕ್ಕೆ ತಮ್ಮ ಮನೇಲೂ ಇದೇ ಭಯ ಇದೆ ನೋಡಿ, ಫ್ರಾನ್ಸಿಗೆ ಕಾರ್ಸಿಕಾ, ಇಟಲಿಗೆ ದಕ್ಷಿಣ ಟಿರೋಲ್, ಸೈಪ್ರಸ್ ಅಂತೂ ಎರಡು ಭಾಗ ಆಗೇ ಇದೆ. 2008ರಲ್ಲಿ ಕೊಸೊವೊ ಸರ್ಬಿಯಾದಿಂದ ಸ್ವತಂತ್ರ ಅಂತ ಘೋಷಿಸ್ಕೊಂಡಾಗ ಇಯುನ ಐದು ದೇಶ ಒಪ್ಪಲಿಲ್ಲ, ಸ್ಪೇನ್, ಗ್ರೀಸ್, ಸೈಪ್ರಸ್, ರುಮೇನಿಯಾ, ಸ್ಲೊವಾಕಿಯಾ. ಕೊಸೊವೊ ಮೇಲಿನ ಕೋಪಕ್ಕಿಂತ ನಾಳೆ ನಮ್ಮನೆಗೂ ಇದೇ ಬರುತ್ತೆ ಅನ್ನೋ ಭಯ ಅದು. 90ರ ದಶಕದಲ್ಲಿ ಪ್ರಾಂತ್ಯಗಳ ಯುರೋಪ್ ಅಂತ ದೊಡ್ಡ ಮಾತೇ ಇತ್ತು, ದೇಶಗಳು ಕರಗಿ ಹೋಗ್ತವೆ, ಮೇಲೆ ಬ್ರಸೆಲ್ಸ್ ಕೆಳಗೆ ಪ್ರಾಂತ್ಯಗಳು ಅಷ್ಟೇ ಉಳಿಯುತ್ತೆ ಅಂತ. 1994ರಲ್ಲಿ ಪ್ರಾಂತ್ಯಗಳಿಗೆ ಅಂತಲೇ ಒಂದು ಸಮಿತಿನೂ ಬಂತು, ಆದ್ರೆ ಅದಕ್ಕೆ ಸಲಹೆ ಕೊಡೋ ಅಧಿಕಾರ ಮಾತ್ರ. ನಿಮ್ಮ ಅಜ್ಜಿ ತಲೆಮಾರು ನಂಬಿದ್ದು ಆ ಮಾತನ್ನ ಅನ್ಸುತ್ತೆ ನಂಗೆ.

ಇನ್ನು ನಾನಿರೋ ಜಾಗ. ಲ್ಯೂವೆನ್ ಇರೋದು ಬೆಲ್ಜಿಯಂನ ಫ್ಲಾಂಡರ್ಸ್ ಭಾಗದಲ್ಲಿ, ಇಲ್ಲಿ ಡಚ್. ಅರ್ಧ ಗಂಟೆ ಕಾರಲ್ಲಿ ಹೋದ್ರೆ ಫ್ರೆಂಚ್ ಶುರು, ಬೋರ್ಡೆಲ್ಲ ಬದಲು. ಈ ಯೂನಿವರ್ಸಿಟಿ 1425ರದ್ದು, 1968ರಲ್ಲಿ ಫ್ರೆಂಚಿನವ್ರು ಹೊರಗೆ ಹೋಗ್ಲಿ ಅಂತ ಬೀದಿ ಬೀದಿಲಿ ಗಲಾಟೆ ಆಗಿ, ಸರ್ಕಾರ ಬಿದ್ದು, ಕೊನೆಗೆ ಯೂನಿವರ್ಸಿಟಿನೇ ಎರಡಾಯ್ತು. ಫ್ರೆಂಚ್ ಭಾಗಕ್ಕೆ ಹೊಲದ ಮಧ್ಯೆ ಲುವ್ಯಾಂ ಲಾ ನವ್ ಅಂತ ಹೊಸ ಊರೇ ಕಟ್ಟಿದ್ರು. ಲೈಬ್ರರಿ ಪುಸ್ತಕ ಹಂಚ್ಕೊಂಡಿದ್ದು ಹೇಗೆ ಗೊತ್ತಾ, ಬೆಸ ನಂಬರಿನವು ಒಬ್ರಿಗೆ, ಸಮ ನಂಬರಿನವು ಇನ್ನೊಬ್ರಿಗೆ. ನಾನು ಪಿಎಚ್‌ಡಿಗೆ ಬಂದ ಹೊಸತರಲ್ಲಿ ಇದನ್ನ ಕೇಳಿ ಆ ರಾತ್ರಿ ನಿದ್ದೆ ಬರ್ಲಿಲ್ಲ, ಪುಸ್ತಕಕ್ಕೂ ಹೀಗೆ ಮಾಡ್ಬಹುದಾ ಅಂತ.

ಆದ್ರೆ ಇಷ್ಟೆಲ್ಲ ಆದ್ರೂ ಬೆಲ್ಜಿಯಂ ಒಡೀಲಿಲ್ಲ, ಯಾಕಂದ್ರೆ ಬ್ರಸೆಲ್ಸ್. ಆ ಊರಿನ ಸುತ್ತ ನಾಲ್ಕೂ ಕಡೆ ಫ್ಲಾಂಡರ್ಸ್ ನೆಲ, ಒಳಗೆ ಬಹುಪಾಲು ಫ್ರೆಂಚ್ ಮಾತು, ಅದ್ರ ಮೇಲೆ ಇಯು ಆಫೀಸುಗಳು. ಯಾರು ತಗೊಂಡು ಹೋಗ್ತಾರೆ ಅದನ್ನ? 2010ರ ಚುನಾವಣೆ ಆದ್ಮೇಲೆ 541 ದಿನ ಸರ್ಕಾರನೇ ಇರಲಿಲ್ಲ, ಹಂಗಾಮಿಯವ್ರೇ ನಡೆಸಿದ್ರು. ಬೆಲ್ಜಿಯಂ ನಿಧಾನಕ್ಕೆ ಆವಿ ಆಗ್ಲಿ ಅನ್ನೋ ಪಕ್ಷದ ಬಾರ್ಟ್ ಡೆ ವೆವರ್ 2025 ಫೆಬ್ರವರಿಲಿ ಅದೇ ಬೆಲ್ಜಿಯಂಗೆ ಪ್ರಧಾನಿ ಆದ್ರು. ಸಾಯಂಕಾಲ ಕ್ಯಾಂಟೀನಲ್ಲಿ ಕೂತು ಕೇಳಿದ್ರೆ ಇಲ್ಲಿನ ಹುಡುಗ್ರಿಗೆ ಇದ್ರಲ್ಲಿ ಏನೂ ವಿಚಿತ್ರ ಕಾಣಲ್ಲ, ಯುರೋಪ್ ಇದ್ರೆ ಬೆಲ್ಜಿಯಂ ಯಾಕೆ ಅಂತ ಶಾಂತವಾಗೇ ಕೇಳ್ತಾರೆ. ಗಮನಿಸಿ, ಅವ್ರಿಗೂ ಯುರೋಪ್ ಬೇಕು.

ಪ್ರಾಂತ್ಯ ಯುರೋಪಿಗೇ ಅಡ್ಡ ಹಾಕಿದ್ದೂ ಇದೆ, ಅದನ್ನ ಬಿಟ್ರೆ ಮೋಸ ಆಗುತ್ತೆ. 2016 ಅಕ್ಟೋಬರ್‌ನಲ್ಲಿ ಕೆನಡಾ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳ್ಬೇಕಿತ್ತು, ಏಳು ವರ್ಷ ಮಾತುಕತೆ ಆಗಿತ್ತು, ಬೆಲ್ಜಿಯಂನ ಫ್ರೆಂಚ್ ಭಾಗ ವಾಲೋನಿಯಾದ ಪಾರ್ಲಿಮೆಂಟು ಒಪ್ಪಲ್ಲ ಅಂತು. 36 ಲಕ್ಷ ಜನರ ಪ್ರಾಂತ್ಯ, 50 ಕೋಟಿ ಜನರ ಒಕ್ಕೂಟವನ್ನ ನಿಲ್ಲಿಸ್ತು, ಯಾಕಂದ್ರೆ ಬೆಲ್ಜಿಯಂ ಸಹಿ ಹಾಕ್ಬೇಕು ಅಂದ್ರೆ ಅದ್ರ ಪ್ರಾಂತ್ಯಗಳೂ ಒಪ್ಬೇಕು. ನಮ್ಮ ರೈತರ ಗತಿ ಏನು, ಕಂಪನಿಗಳು ಸರ್ಕಾರದ ಮೇಲೆ ಕೇಸ್ ಹಾಕೋ ಕೋರ್ಟು ಯಾಕೆ ಅಂತ ಅವ್ರು ಕೇಳಿದ್ದು ಸರಿಯಾದ ಪ್ರಶ್ನೆನೇ ಅಂತ ನಂಗೆ ಈಗ್ಲೂ ಅನ್ಸುತ್ತೆ. ಉತ್ತರ ಬರೆದು ಕೊಟ್ಮೇಲೆ ಒಪ್ಕೊಂಡ್ರು.


ಧಾರವಾಡ್_ಮಾಸ್ತರ:

ಮೇಡಂ, ನಾ ಈಗ ಧಾರವಾಡದಾಗ ಇದ್ದೀನಿ, ಆದ್ರ ಕಂಪನಿ ಕೆಲಸಕ್ಕ ಬುಡಾಪೆಸ್ಟ್‌ನ್ಯಾಗ ಐದು ವರ್ಷ ಇದ್ದು ಬಂದೀನಿ, ಹಂಗಾಗಿ ನಿಮ್ಮ ಮನಿಯವರ ಮಾತಿಗೆ ನಾ ಉತ್ತರ ಕೊಡ್ತೀನಿ. ಎಲ್ಲಾ ಒಂದ ಅಲ್ಲರಿ. ಲ್ಯೂವೆನ್ ಮೇಡಂ ಕುರ್ಚಿ ವಿಷಯ ಹೇಳಿದ್ರಲ್ಲ, ಅದನ್ನ ಹಿಡ್ಕೊಂಡ ನೋಡ್ರಿ. ಕ್ಯಾಟಲೋನಿಯಾದ ಅಜ್ಜಿ ಕಡೆ ಕುರ್ಚಿ ಇಲ್ಲ, ಬರೇ ಬಾವುಟ ಐತಿ. ಓರ್ಬಾನ್ ಕಡೆ ಕುರ್ಚಿ ಇತ್ತು, ಕುರ್ಚಿ ಜೋಡಿ ವೀಟೋ ಇತ್ತು. ಯುರೋಪಿಗೆ ನಿಜವಾದ ಪೆಟ್ಟು ಕೊಡಾಕ ಬೇಕಾಗಿದ್ದು ಅದ.

2023 ಡಿಸೆಂಬರ್ 14ರ ಕತಿ ನೆನಪ ಮಾಡ್ಕೋರಿ. ಉಕ್ರೇನ್ ಜೋಡಿ ಸದಸ್ಯತ್ವದ ಮಾತುಕತೆ ಶುರು ಮಾಡಬೇಕು, 27 ದೇಶ ಒಪ್ಪಬೇಕು, ಓರ್ಬಾನ್ ಒಬ್ಬರ ಆಗಂಗಿಲ್ಲ ಅಂತ ಕುಂತಿದ್ರು. ಜರ್ಮನಿ ಚಾನ್ಸಲರ್ ಶೋಲ್ಜ್ ಅವರು ನೀವು ಸ್ವಲ್ಪ ಹೊರಗ ಹೋಗಿ ಕಾಫಿ ಕುಡದ ಬರ್ರಿ ಅಂದ್ರು, ಇವರು ಎದ್ದ ಹೋದ್ರು, ಒಳಗಿದ್ದ 26 ಮಂದಿ ನಿರ್ಣಯ ಪಾಸ್ ಮಾಡಿದ್ರು. ಒಂದು ಖಂಡದ ಭವಿಷ್ಯ ಹಂಗ ತೀರ್ಮಾನ ಆತು. ಅವತ್ತ ರಾತ್ರಿ ಉಕ್ರೇನಿಗೆ ಕೊಡಬೇಕಿದ್ದ 5000 ಕೋಟಿ ಯುರೋ ನೆರವಿಗೆ ಮಾತ್ರ ಅವರು ಅಡ್ಡ ಹಾಕಿದ್ರು, ಅದು ಪಾಸಾಗಿದ್ದು 2024 ಫೆಬ್ರವರಿಗೆ. ಆ ಡಿಸೆಂಬರ್ ಸಭೆಗೆ ಒಂದ ದಿನ ಮೊದಲ ಹಂಗೇರಿಗೆ ತಡೆ ಹಿಡಿದಿದ್ದ ರೊಕ್ಕದಾಗ ಸುಮಾರು 1000 ಕೋಟಿ ಯುರೋ ಬಿಟ್ಟಿದ್ರು ಬ್ರಸೆಲ್ಸ್‌ನವರು. ಯುರೋಪ್ ಪಾರ್ಲಿಮೆಂಟಿಗೆ ಇದು ಎಷ್ಟು ಸಿಟ್ಟ ತರಿಸ್ತಂದ್ರ ಅವರು ಇಯು ಆಡಳಿತ ನಡಸೋ ಕಮಿಷನ್ ಮ್ಯಾಲ ಕೋರ್ಟಿಗೇ ಹೋದ್ರು.

ಆದ್ರ ಹಂಗೇರಿ ಮಂದಿ ನೋವೂ ಸುಳ್ಳಲ್ಲರಿ, ಅದನ್ನ ಹೇಳದ ಮುಂದ ಹೋಗಾಕ ಮನಸ್ಸ ಬರವಲ್ದು. 1920ರ ಟ್ರಿಯಾನೋನ್ ಒಪ್ಪಂದದಾಗ ಅವರ ನೆಲದಾಗ ಮೂರನ್ಯಾಗ ಎರಡು ಪಾಲು ಹೋತು, ಹಂಗೇರಿ ಮಾತಾಡೋ 30 ಲಕ್ಷಕ್ಕೂ ಜಾಸ್ತಿ ಮಂದಿ ರಾತ್ರೋರಾತ್ರಿ ಬ್ಯಾರೆ ದೇಶದವರಾದ್ರು. ನಾ ಇದ್ದ ಓಣಿಯಾಗ ಎಷ್ಟೋ ಕಾರಿನ ಹಿಂದ ಆ ಹಳೇ ದೊಡ್ಡ ಹಂಗೇರಿ ನಕ್ಷಾದ ಸ್ಟಿಕ್ಕರ್ ಇರ್ತಿತ್ತು. ಗಡಿ ಭಾಗದಾಗ ಹುಟ್ಟಿ ಬೆಳದಾಂವ ನಾ, ಬೋರ್ಡಿನ ಭಾಷಾಕ್ಕ ಜಗಳ ಆಗೋದು ಸಣ್ಣಾಂವ ಇದ್ದಾಗಿಂದ ನೋಡೀನಿ, ಆ ಸ್ಟಿಕ್ಕರ್ ನೋಡಿದ್ರ ಏನೋ ಒಂಥರಾ ಆಗ್ತಿತ್ತು. ಇಂಥಾ ನೋವಿಗೆ ಯುರೋಪಿಯನ್ ಯೂನಿಯನ್ ಖರೇ ಮದ್ದು ಆಗಿತ್ತು, ಯಾಕಂದ್ರ ಗಡಿ ಸರಸೋದು ಬ್ಯಾಡ, ಗಡಿಯಾಗಿನ ಗೇಟ ತಗದ್ರ ಸಾಕು, ಕೊಮಾರೊಂ ಊರಿನ ಅಣ್ಣ ಡ್ಯಾನ್ಯೂಬ್ ಸೇತುವೆ ದಾಟಿ ಸ್ಲೊವಾಕಿಯಾ ಕಡೆ ಇರೋ ತಂಗಿ ಮನಿಗೆ ಊಟಕ್ಕ ಹೋಗಬಹುದು. ಆ ಮದ್ದು ಕೆಲಸ ಮಾಡಾಕ ಹತ್ತಿದ ಮ್ಯಾಲ 2022ರಾಗ ಓರ್ಬಾನ್ ಅವರು ಅದ ಹಳೇ ನಕ್ಷಾ ಇರೋ ಸ್ಕಾರ್ಫ್ ಕೊಳ್ಳಿಗೆ ಹಾಕ್ಕೊಂಡ ಫುಟ್ಬಾಲ್ ಮ್ಯಾಚಿಗೆ ಬಂದ್ರು, ರುಮೇನಿಯಾ ಉಕ್ರೇನ್ ಎರಡೂ ಪ್ರತಿಭಟನೆ ಮಾಡಿದ್ವು.

ಇನ್ನೊಂದು ನೋಡ್ರಿ. ಬ್ರಿಟನ್ ಪಾಡು ನೋಡಿದ ಮ್ಯಾಲ ಇವರ್ಯಾರೂ ಇಯು ಬಿಡ್ತೀವಿ ಅನ್ನಂಗಿಲ್ಲ. ಲೆ ಪೆನ್ ಅವರು 2017ರಾಗ ಯುರೋ ನಾಣ್ಯ ಬಿಡೋಣು ಅಂತಿದ್ರು, ಆಮ್ಯಾಲ ಆ ಮಾತು ಕೈ ಬಿಟ್ರು. ಒಳಗ ಇದ್ದ ಅಧಿಕಾರ ವಾಪಸ್ ಎಳಕೊಳ್ಳೋದು ಈಗಿನ ದಾರಿ. 2024ರ ಯುರೋಪ್ ಪಾರ್ಲಿಮೆಂಟ್ ಚುನಾವಣೆ ಆದ ಮ್ಯಾಲ ಅವರದು ಪೇಟ್ರಿಯಟ್ಸ್ ಫಾರ್ ಯುರೋಪ್ ಅಂತ ಗುಂಪಾತು, 720ರಾಗ 84 ಮಂದಿ, ಮೂರನೇ ದೊಡ್ಡ ಗುಂಪು. ಆದ್ರ ರಾಷ್ಟ್ರೀಯವಾದಿಗಳೆಲ್ಲಾ ಒಂದ ಗುಂಪಿನ್ಯಾಗ ಕುಂದ್ರಾಕ ಆಗವಲ್ದು. ಇಟಲಿಯ ಮೆಲೋನಿ ಅವರ ಗುಂಪಿನ್ಯಾಗ ರುಮೇನಿಯಾದ ಎಯುಆರ್ ಪಕ್ಷ ಐತಿ, ಅವರು ಇದ್ದಲ್ಲಿ ನಾವು ಬರಂಗಿಲ್ಲ ಅಂತು ಓರ್ಬಾನ್ ಪಕ್ಷ, ಯಾಕಂದ್ರ ಟ್ರಾನ್ಸಿಲ್ವೇನಿಯಾ, ಟ್ರಿಯಾನೋನ್ ಒಪ್ಪಂದದಾಗ ಹಂಗೇರಿಯಿಂದ ರುಮೇನಿಯಾಕ್ಕ ಹೋದ ನೆಲ. ನಂದ ದೇಶ ಮೊದಲು ಅನ್ನಾಂವ ಪಕ್ಕದ ಮನಿಯವನೂ ಹಂಗ ಅಂದ್ರ ಏನ ಮಾಡ್ತಾನ್ರಿ?


ಕಾರ್ಕಳ_ಮಿಲಾನ್:

ನಾನು ಸ್ವಲ್ಪ ಬೇರೆ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಪ್ರಾಂತ್ಯದವರು ಒಳ್ಳೆಯವರು, ದೇಶದವರು ಕೆಟ್ಟವರು ಅಂತ ಅಷ್ಟು ಚಂದ ಗೆರೆ ಎಳೆಯಲಿಕ್ಕೆ ಆಗುದಿಲ್ಲ ಮಾರಾಯ್ರೆ. ಇಟಲಿಯ ಲೇಗಾ ಪಕ್ಷ ನೋಡಿ. ಶುರುವಲ್ಲಿ ಅದು ಲೇಗಾ ನೋರ್ಡ್, ಉತ್ತರದವರ ಪಕ್ಷ. ರೋಮ್ ನಮ್ಮ ದುಡ್ಡು ಕದಿಯುತ್ತದೆ, ದಕ್ಷಿಣದವರು ಕೂತು ತಿನ್ನುತ್ತಾರೆ ಅಂತ ಉಂಬೆರ್ತೊ ಬೊಸ್ಸಿ ಊರೂರು ಹೇಳಿಕೊಂಡು ಹೋದರು. 1996ರಲ್ಲಿ ಪೊ ನದಿಯ ಹುಟ್ಟಿನಿಂದ ನೀರು ತಂದು ವೆನಿಸಿನಲ್ಲಿ ಹೊಯ್ದು ಪಡಾನಿಯಾ ಎಂಬ ಹೊಸ ದೇಶ ಘೋಷಣೆಯೂ ಮಾಡಿದರು. ಆಗ ಅವರಿಗೆ ಯುರೋಪ್ ಬೇಕಿತ್ತು, ದಕ್ಷಿಣವನ್ನು ಬಿಟ್ಟು ನಾವು ಮಾತ್ರ ಯುರೋ ಸೇರುವಾ ಅಂತ ಲೆಕ್ಕ. ಆಮೇಲೆ ಸಾಲ್ವಿನಿ ಬಂದರು, 2018ರ ಚುನಾವಣೆಗೆ ಚಿಹ್ನೆಯಿಂದ ನೋರ್ಡ್ ಎಂಬ ಶಬ್ದ ತೆಗೆದರು, ರೋಮ್ ಇದ್ದ ಜಾಗಕ್ಕೆ ಬ್ರಸೆಲ್ಸ್ ಹಾಕಿದರು, ದಕ್ಷಿಣದವರು ಇದ್ದ ಜಾಗಕ್ಕೆ ವಲಸೆ ಬಂದವರನ್ನು ಹಾಕಿದರು. ಅದೇ ಪಕ್ಷ, ಅದೇ ಭಾಷಣ, ವೈರಿ ಮಾತ್ರ ಬೇರೆ. ಇಲ್ಲಿ ಹೋಟೆಲ್ ಅಡಿಗೆಮನೆಯಲ್ಲಿ ದುಡಿಯುವವ ನಾನು, ಆ ವಲಸೆ ಬಂದವರಲ್ಲಿ ನಾನೂ ಒಬ್ಬ, ಅದಕ್ಕೇ ನನಗೆ ಇದು ಪುಸ್ತಕದ ವಿಷಯ ಅಲ್ಲ.

ಇನ್ನು ದುಡ್ಡಿನ ವಿಷಯ. ಕ್ಯಾಟಲೋನಿಯಾ, ಫ್ಲಾಂಡರ್ಸ್, ಲೊಂಬಾರ್ಡಿ, ವೆನೆಟೊ, ಗಟ್ಟಿ ಸ್ವರ ಬರುದು ಇಲ್ಲಿಂದಲೇ, ಎಲ್ಲ ಶ್ರೀಮಂತ ಪ್ರಾಂತ್ಯಗಳು. ಸ್ಪೇನಿನ ಬಾಸ್ಕ್ ಮತ್ತು ನವಾರ್ರಾ ಪ್ರಾಂತ್ಯದವರು ತಮ್ಮ ತೆರಿಗೆ ತಾವೇ ಸಂಗ್ರಹ ಮಾಡ್ತಾರೆ, ನಮಗೂ ಹಾಗೆ ಕೊಡಿ ಅಂತ 2012ರಲ್ಲಿ ಆಗಿನ ಕ್ಯಾಟಲೋನಿಯಾ ಅಧ್ಯಕ್ಷ ಆರ್ತುರ್ ಮಾಸ್ ಮ್ಯಾಡ್ರಿಡ್‌ಗೆ ಹೋಗಿ ಸ್ಪೇನ್ ಪ್ರಧಾನಿ ರಾಹೊಯ್ ಹತ್ತಿರ ಕೇಳಿದರು, ಆಗುದಿಲ್ಲ ಅಂದರು. ಸ್ವಾತಂತ್ರ್ಯದ ಮಾತು ಜೋರಾದದ್ದು ಅದರ ನಂತರ. ಅವರ ಸಿಟ್ಟಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳುದಿಲ್ಲ. ಆದರೆ ಬಡ ಊರಿಗೆ ನನ್ನ ತೆರಿಗೆ ಯಾಕೆ ಎಂಬ ಪ್ರಶ್ನೆ ಒಮ್ಮೆ ಶುರುವಾದರೆ ಅದು ಮ್ಯಾಡ್ರಿಡ್ ಹತ್ತಿರ ನಿಲ್ಲುತ್ತದಾ? ಬಲ್ಗೇರಿಯಾದ ರಸ್ತೆಗೆ ನಾನು ಯಾಕೆ ಕೊಡಬೇಕು ಅಂತ ನಾಳೆ ಕೇಳ್ತಾರೆ. ಇಯು ಬಜೆಟ್ ಇರುದೇ ಒಟ್ಟು ಆದಾಯದ ಒಂದು ಪರ್ಸೆಂಟಿನ ಆಸುಪಾಸು, ಅದಕ್ಕೇ ಇಷ್ಟು ಜಗಳ.

ಸರಿಯಾದದ್ದೂ ಒಂದು ಉಂಟು, ಅದು ದಕ್ಷಿಣ ಟಿರೋಲ್. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಬಂದ ಜಾಗ, ನೂರರಲ್ಲಿ ಹತ್ತಿರ ಹತ್ತಿರ 70 ಜನ ಜರ್ಮನ್ ಮಾತಾಡುದು. ಮುಸೊಲಿನಿ ಅವರ ಶಾಲೆ ಮುಚ್ಚಿಸಿದ, ಊರಿನ ಹೆಸರು ಬದಲಿಸಿದ. 1961ರ ಜೂನಿನಲ್ಲಿ ಒಂದೇ ರಾತ್ರಿ ಹತ್ತಾರು ಕರೆಂಟ್ ಟವರ್‌ಗೆ ಬಾಂಬ್ ಇಟ್ಟರು. ಅಲ್ಲಿಂದ 1972ರ ಸ್ವಾಯತ್ತತೆ, 1992ರಲ್ಲಿ ಜಗಳ ಮುಗಿಯಿತು ಅಂತ ಆಸ್ಟ್ರಿಯಾ ವಿಶ್ವಸಂಸ್ಥೆಗೆ ಬರೆದು ಕೊಟ್ಟದ್ದು, 1998ರಲ್ಲಿ ಬ್ರೆನ್ನರ್ ಗಡಿಯ ಗೇಟು ಎತ್ತಿದ್ದು. ತೆರಿಗೆಯಲ್ಲಿ ಸುಮಾರು 90 ಪರ್ಸೆಂಟ್ ಅಲ್ಲಿಯೇ ಉಳಿಯುತ್ತದೆ, ಸರ್ಕಾರಿ ಕೆಲಸ ಭಾಷೆಯ ಲೆಕ್ಕದಲ್ಲಿ ಹಂಚುದು. ಇದಕ್ಕೆ ಹಿಡಿದದ್ದು ಅರುವತ್ತು ಎಪ್ಪತ್ತು ವರ್ಷ. ಒಂದು ಆದಿತ್ಯವಾರ ಗೆಳೆಯನ ಜೊತೆ ಬ್ರೆನ್ನರ್ ದಾಟಿದೆ, ಗಡಿ ಯಾವಾಗ ಹೋಯಿತು ಅಂತ ಗೊತ್ತೇ ಆಗಲಿಲ್ಲ. ಬಾಂಬ್ ಬಿದ್ದ ಊರು ಅದು.


ಎಡಿನ್‌ಬರೋ_ರಾಜಾಜಿನಗರ:

ಹರಿಹರದವ್ರೇ, ಮಿಲಾನ್ ಅಣ್ಣ ಹೇಳಿದ್ದು ಒಪ್ತೀನಿ, ಆದ್ರೂ ನನ್ನ ಅನುಭವ ಧಾರವಾಡದ ಸರ್ ಕಡೆಗೇ ವಾಲುತ್ತೆ. ನನ್ನ ಹತ್ರ ಇದ್ದಿದ್ದು ಇಂಡಿಯನ್ ಪಾಸ್‌ಪೋರ್ಟು. ಆದ್ರೂ 2014 ಸೆಪ್ಟೆಂಬರ್ 18ಕ್ಕೆ ಸ್ಕಾಟ್ಲೆಂಡ್ ರೆಫರೆಂಡಂಲಿ ನಂಗೆ ವೋಟಿತ್ತು, ಯಾಕಂದ್ರೆ ಅಲ್ಲಿ ವಾಸ ಇರೋ ಕಾಮನ್‌ವೆಲ್ತ್ ದೇಶದವ್ರಿಗೆ ಕೊಟ್ಟಿದ್ರು, ಇಯು ದೇಶದವ್ರಿಗೂ ಕೊಟ್ಟಿದ್ರು, ಹದಿನಾರು ವರ್ಷದ ಮಕ್ಕಳಿಗೂ ಕೊಟ್ಟಿದ್ರು. ನನ್ನ ಟೀಮಲ್ಲಿದ್ದ ಪೋಲೆಂಡಿನ ಹುಡ್ಗಿ ಮತ್ತೆ ನಾನು ಒಟ್ಟಿಗೇ ಕ್ಯೂ ನಿಂತಿದ್ವಿ. ಆವಾಗ ಬೇಡ ಅನ್ನೋ ಕಡೆಯವ್ರ ಒಂದು ದೊಡ್ಡ ವಾದ ಏನಿತ್ತು ಅಂದ್ರೆ ಬ್ರಿಟನ್ ಬಿಟ್ರೆ ನೀವು ಯುರೋಪಿಂದನೂ ಹೊರಗೆ ಬೀಳ್ತೀರಿ, ಮತ್ತೆ ಒಳಗೆ ಬರೋದು ತುಂಬಾ ಕಷ್ಟ ಅಂತ, ಕಮಿಷನ್ ಅಧ್ಯಕ್ಷ ಬರೋಸೋನೂ ಹಾಗೇ ಹೇಳಿದ್ರು. ನಾನು ಆ ಮಾತು ನಂಬಿ ಬೇಡ ಅಂತ ಹಾಕಿದೆ. 55ಕ್ಕೆ 45, ಬೇಡ ಅನ್ನೋದು ಗೆಲ್ತು.

ಎರಡೇ ವರ್ಷ. 2016 ಜೂನ್ 23, ಬ್ರಿಟನ್ ಇಯುನಲ್ಲಿ ಇರ್ಬೇಕಾ ಬೇಡ್ವಾ ಅನ್ನೋ ರೆಫರೆಂಡಂ. ಈ ಸಲ ನಂಗೆ ವೋಟಿತ್ತು, ಪೋಲೆಂಡಿನ ಹುಡ್ಗಿಗೆ ಇರಲಿಲ್ಲ. ಅವಳ ಬದುಕಿನ ಬಗ್ಗೆನೇ ವೋಟು, ಅವಳು ಆಫೀಸಲ್ಲಿ ಕೂತು ನೋಡ್ಬೇಕು. ಸ್ಕಾಟ್ಲೆಂಡಿನ 32 ಜಿಲ್ಲೆಗಳಲ್ಲೂ ಯುರೋಪಲ್ಲೇ ಇರೋಣ ಅನ್ನೋದೇ ಗೆದ್ದಿದ್ದು, ಒಟ್ಟು 62 ಪರ್ಸೆಂಟ್. ಉತ್ತರ ಐರ್ಲೆಂಡ್ ಕೂಡ ಇರೋಣ ಅಂತು. ಆದ್ರೂ ಒಟ್ಟು ಲೆಕ್ಕದಲ್ಲಿ 52ಕ್ಕೆ 48, ಹೊರಗೆ. ಬೆಳಿಗ್ಗೆ ಅವಳು ಬಂದು ಸುಮ್ನೆ ಲ್ಯಾಪ್‌ಟಾಪ್ ತೆಗೆದು ಕೂತ್ಲು, ಯಾರಿಗೂ ಏನ್ ಮಾತಾಡೋದು ಅಂತ ಗೊತ್ತಾಗ್ಲಿಲ್ಲ. ಮುಂದಿನ ವರ್ಷ ವಾಪಸ್ ಹೋದ್ಲು. 2020 ಜನವರಿ 31ಕ್ಕೆ ಬ್ರಿಟನ್ ಹೊರಗೆ ಬಂತು.

ಹಾಗಾಗಿ ಯುರೋಪನ್ನ ಒಡೆದಿದ್ದು ಯಾರು ಅಂತ ಕೇಳಿದ್ರೆ ನಂಗೆ ಕಣ್ಮುಂದೆ ಬರೋದು ಸ್ಕಾಟ್ಲೆಂಡಿನ ನೀಲಿ ಬಾವುಟ ಅಲ್ಲ. ಹೊರಗೆ ಹೋಗಿದ್ದು ದೊಡ್ಡ ದೇಶ, ಚಿಕ್ಕದನ್ನ ಕೈ ಹಿಡಿದು ಎಳ್ಕೊಂಡು ಹೋಯ್ತು. ಅದ್ರಿಂದ ಸ್ಕಾಟ್ಲೆಂಡ್ ಪ್ರಶ್ನೆ ಮತ್ತೆ ಎದ್ದು ಕೂತ್ಕೊಳ್ತು, ಐರ್ಲೆಂಡಿನ ಗಡಿ ಪ್ರಶ್ನೆ 1998ರ ಶಾಂತಿ ಒಪ್ಪಂದದಿಂದ ಮಲಗಿದ್ದಿದ್ದೂ ಎದ್ದಿತು. 2022 ನವೆಂಬರಲ್ಲಿ ಸುಪ್ರೀಂ ಕೋರ್ಟು ಲಂಡನ್ ಒಪ್ಪಿಗೆ ಇಲ್ದೆ ಸ್ಕಾಟ್ಲೆಂಡ್ ಇನ್ನೊಂದು ರೆಫರೆಂಡಂ ಮಾಡೋ ಹಾಗಿಲ್ಲ ಅಂತು. 2014ರ ನನ್ನ ವೋಟಿನ ಬಗ್ಗೆ ಇವತ್ತಿಗೂ ನಂಗೆ ಸಮಾಧಾನ ಇಲ್ಲ.


ಹರಿಹರದ_ಸೊಸೆ:

ಇಷ್ಟು ಸಮಯ ಕೊಟ್ಟು ಬರೆದಿದೀರಿ, ಎಲ್ರಿಗೂ ಮನಸ್ಸಿಂದ ಧನ್ಯವಾದ. ರಾತ್ರಿ ಊಟ ಆದ್ಮೇಲೆ ನಮ್ಮ ಮನೆಯವ್ರಿಗೆ ಪೂರ್ತಿ ಓದಿ ಹೇಳಿದೆ. ಕುರ್ಚಿ ಇರೋರು ಬೇರೆ, ಬಾವುಟ ಮಾತ್ರ ಇರೋರು ಬೇರೆ ಅನ್ನೋದನ್ನ ಒಪ್ಕೊಂಡ್ರು. ಆದ್ರೆ ಕಾರ್ಕಳದ ಅಣ್ಣ ಹೇಳಿದ ದುಡ್ಡಿನ ಮಾತೇ ಸರಿ, ಅಜ್ಜಿ ಪಕ್ಷದವ್ರಿಗೆ ಕುರ್ಚಿ ಸಿಕ್ಕಿದ್ರೆ ಅವ್ರೂ ಹಾಗೇ ಆಗಲ್ಲ ಅಂತ ಏನು ಗ್ಯಾರಂಟಿ ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಇಲ್ಲಿ ಈಗ ಬಿಸಿ ಕಮ್ಮಿ ಆಗಿದೆ. ಆ ರೆಫರೆಂಡಂ ವಿಷಯಕ್ಕೆ ಜೈಲಿಗೆ ಹೋಗಿದ್ದ ಒಂಬತ್ತು ನಾಯಕರಿಗೆ 2021ರಲ್ಲಿ ಕ್ಷಮಾದಾನ ಆಯ್ತು, 2024ರಲ್ಲಿ ಎಲ್ರಿಗೂ ಅಂತ ಕಾನೂನೇ ಬಂತು, ಅದೇ ವರ್ಷ ಮೇ ಚುನಾವಣೇಲಿ ಸ್ವಾತಂತ್ರ್ಯ ಬೇಕು ಅನ್ನೋ ಪಕ್ಷಗಳಿಗೆ ಬಹುಮತ ತಪ್ಪಿ ಸೋಷಿಯಲಿಸ್ಟ್ ಪಕ್ಷದ ಇಯಾ ಕ್ಯಾಟಲೋನಿಯಾದ ಅಧ್ಯಕ್ಷ ಆದ್ರು. ಅಜ್ಜಿ ಆ ಸಲ ವೋಟಿಗೇ ಹೋಗ್ಲಿಲ್ಲ.

ಅಜ್ಜಿಗೆ ಈಗ ಉಳಿದಿರೋದು ಒಂದೇ ಆಸೆ, ಯುರೋಪ್ ಪಾರ್ಲಿಮೆಂಟಲ್ಲಿ ಕ್ಯಾಟಲನ್ ಮಾತಾಡೋದನ್ನ ಕೇಳ್ಬೇಕು ಅಂತ. ಇಯುಗೆ 24 ಅಧಿಕೃತ ಭಾಷೆ ಇದೆ, ಐದೂವರೆ ಲಕ್ಷ ಜನ ಇರೋ ಮಾಲ್ಟಾದ ಭಾಷೆನೂ ಇದೆ, 90 ಲಕ್ಷಕ್ಕೂ ಜಾಸ್ತಿ ಜನ ಆಡೋ ಕ್ಯಾಟಲನ್ ಇಲ್ಲ. ಯಾಕೆ ಅಂದ್ರೆ ಮಾಲ್ಟಾಗೆ ಕುರ್ಚಿ ಇದೆ, ಈಗ ನಂಗೂ ಅರ್ಥ ಆಯ್ತು. 2023ರಲ್ಲಿ ಸ್ಪೇನ್ ಸರ್ಕಾರನೇ ಕ್ಯಾಟಲನ್, ಬಾಸ್ಕ್, ಗಲೀಷಿಯನ್ ಮೂರನ್ನೂ ಸೇರಿಸಿ ಅಂತ ಕೇಳ್ತು, ಖರ್ಚೂ ನಾವೇ ಕೊಡ್ತೀವಿ ಅಂತು. 27 ದೇಶನೂ ಒಪ್ಬೇಕು. ಲ್ಯೂವೆನ್ ಮೇಡಂ, ಅದು ಎಲ್ಲಿಗೆ ಬಂತು ಅಂತ ಗೊತ್ತಿದ್ರೆ ಹೇಳಿ, ಅಜ್ಜಿ ಕೇಳ್ತಿರ್ತಾರೆ.


ಲ್ಯೂವೆನ್_ಕನ್ನಡತಿ:

ಅಕ್ಕ, 2025 ಮೇ ಕೊನೇಲಿ ಸಚಿವರ ಸಭೇಲಿ ವೋಟಿಗೆ ಬರೋದಿತ್ತು, ಕೆಲವು ದೇಶಗಳು ಕಾನೂನು ಸ್ಪಷ್ಟ ಇಲ್ಲ, ಖರ್ಚು ಸ್ಪಷ್ಟ ಇಲ್ಲ ಅಂದ್ವು, ಮುಂದಕ್ಕೆ ಹಾಕಿದ್ರು. ತಿರಸ್ಕಾರ ಆಗಿಲ್ಲ ಅಂತ ಅಜ್ಜಿಗೆ ಹೇಳಿ. ಐರಿಶ್ ಕೂಡ ಹೀಗೇ ಕಾದಿತ್ತು, ಐರ್ಲೆಂಡ್ ಸೇರಿದ್ದು 1973ರಲ್ಲಿ, ಆ ಭಾಷೆಗೆ ಪೂರ್ತಿ ಸ್ಥಾನ ಸಿಕ್ಕಿದ್ದು 2022ರಲ್ಲಿ. ಅವ್ರಿಗೆ ಕುರ್ಚಿ ಇದ್ದೂ ಅಷ್ಟು ವರ್ಷ ಹಿಡೀತು.